ನಾನು ಹೇಳದೆ ಬಿಟ್ಟ ಮೊದಲ ಮಾತು

ನಮ್ಮ ಮನೆಯಲ್ಲಿ ರೇಡಿಯೋಗೆ ಇದ್ದ ಮರ್ಯಾದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಯಲ್ಲಮ್ಮನ ಪಟ, ಅದರ ಮಗ್ಗುಲಿಗೆ ರೇಡಿಯೋ. ಅಮಾವಾಸ್ಯೆಯ ದಿನ ಅವ್ವ ಪಟಕ್ಕೆ ಕುಂಕುಮ ಹಚ್ಚಿ, ಬೆರಳಿಗೆ ಅಂಟಿ ಉಳಿದದ್ದನ್ನು ರೇಡಿಯೋದ ನೆತ್ತಿಗೆ ಒರೆಸುತ್ತಿದ್ದಳು. ಮಳೆಗೆ ತಗಡು ಸೋರಿದರೆ ಪ್ಲಾಸ್ಟಿಕ್ ಹಾಳೆ ಮೊದಲು ರೇಡಿಯೋಕ್ಕೆ, ಆಮೇಲೆ ಹಿಟ್ಟಿನ ಡಬ್ಬಿಗೆ, ಉಳಿದರೆ ನನಗೆ. ಡಿಚೋಲಿಯಿಂದ ಗಣಿಗೆ ಹೋಗುವ ರಸ್ತೆಯ ಬದಿಗೆ ಒಂಬತ್ತು ಖೋಲಿಗಳ ಒಂದು ಚಾಳ ಇತ್ತು. ಮೂರನೆಯ ಖೋಲಿ ನಮ್ಮದು. ಒಂದೇ ಖೋಲಿ; ನಡುವೆ ಗೋಣಿತಟ್ಟಿನ ಪರದೆ, ಪರದೆಯ ಈಚೆಗೆ ಒಲೆ, ಆಚೆಗೆ ನಾವು ನಾಲ್ವರು ಮಲಗುವ ಜಾಗ. ಚಾಳದ ಬೆನ್ನಿಗೆ ಡಂಪು. ಅದಿರು ತೆಗೆದ ಮೇಲೆ ಯಾರಿಗೂ ಬೇಡವಾದ ಮಣ್ಣನ್ನು ಟ್ರಕ್ಕುಗಳು ತಂದು ಸುರಿದು ಸುರಿದು ಎಬ್ಬಿಸಿದ ಕೆಂಪು ಗುಡ್ಡ ಅದು. ನಮ್ಮ ಹಿಂಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಅದರ ಬುಡ. ಬಟ್ಟೆ ಕೆಂಪು, ಕುಡಿಯುವ ನೀರು ಕೆಂಪು, ಅವ್ವ ಬಡಿದ ಬಿಳಿಜೋಳದ ರೊಟ್ಟಿಯೂ ಒಣಗುವಷ್ಟರಲ್ಲಿ ಕೆಂಪು. ಈ ಬದುಕನ್ನು ಹುಡುಕಿಕೊಂಡು ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದವನು ಅಪ್ಪ. ಅವನಿಗೆ ಈ ಜಾಗದ ಬಗ್ಗೆ ಯಾರೂ ಒಂದು ಮಾತು ಆಡುವಂತಿರಲಿಲ್ಲ.

ಚಾಳದಲ್ಲಿ ಇದ್ದದ್ದು ಅದೊಂದೇ ರೇಡಿಯೋ. ಅದರಲ್ಲಿ ಸ್ವಚ್ಛವಾಗಿ ಕೇಳಿಸುತ್ತಿದ್ದದ್ದು ಕೊಂಕಣಿ ಸ್ಟೇಷನ್ನು. ನಮ್ಮ ಊರ ಕಡೆಯದು ಗೊರ್ ಗೊರ್ ಎನ್ನುತ್ತಿತ್ತು. ಗಂಡಸರಿಗೆ ಸಂತೆಗೂ ಗಣಿಯ ಮುಕಾದಮನ ಬೈಗುಳಕ್ಕೂ ಸಾಕಾಗುವಷ್ಟು ಕೊಂಕಣಿ ಗೊತ್ತಿತ್ತು, ರೇಡಿಯೋದವರು ಓದುವ ಕೊಂಕಣಿ ತಲೆಗೆ ಹೋಗುತ್ತಿರಲಿಲ್ಲ. ನಾನು ಇಲ್ಲಿನ ಶಾಲೆಗೆ ಹೋಗುತ್ತಿದ್ದೆ, ನಾಲ್ಕನೆಯ ಇಯತ್ತೆ. ಕೊಂಕಣಿ ನನ್ನ ನಾಲಿಗೆಯ ಮೇಲೆ ಓಡಾಡುತ್ತಿತ್ತು. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಚಾಳದವರೆಲ್ಲ ನಮ್ಮ ಬಾಗಿಲಿಗೆ ಬಂದು ಕೂರುವುದು, ನಾನು ಟ್ರಂಕಿನ ಮೇಲೆ ನಿಂತು ರೇಡಿಯೋಕ್ಕೆ ಕಿವಿ ಹಚ್ಚಿ, ಕೇಳಿದ್ದನ್ನು ನಮ್ಮ ಮಾತಿನಲ್ಲಿ ಕೂಗಿ ಹೇಳುವುದು. ಸೆಲ್ಲು ತೀರುತ್ತದೆಂದು ಅಪ್ಪ ದನಿ ಏರಿಸಲು ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಗೂಡಿನಿಂದ ಎರಡು ಮೊಳ ಆಚೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೂ ಅಪ್ಪನ ಕಾಯ್ದೆ ಇತ್ತು.

"ಲೇ ರೇಣಿ, ನಮಸ್ಕಾರ ಗಿಮಸ್ಕಾರ ಬ್ಯಾಡ. ಯಾರು ಓದಾಕತ್ತಾರ ಅನ್ನೂದು ಬ್ಯಾಡ. ಹಾಡು ಬ್ಯಾಡ. ಮಳಿ ಎಷ್ಟು, ಎಲ್ಲಿ ಏನಾತು, ಅಷ್ಟ ಹೇಳು. ಮಂದಿ ದುಡಿದು ದಣಿದು ಬಂದಿರ್ತಾರ."

ಅಂದರೆ ಶುರುವಿನ ಮಾತನ್ನು ನುಂಗಲು ನನಗೆ ಕಲಿಸಿದವನು ಅವನೇ. ಇದನ್ನು ನಾನು ಆಮೇಲೆ ಎಷ್ಟೋ ಸಲ ಅವನ ಮುಖದ ಮೇಲೆ ಹೇಳಬೇಕೆಂದುಕೊಂಡೆ. ಹೇಳುವ ಧೈರ್ಯ ಬರುವಷ್ಟರಲ್ಲಿ ಅವನು ಸತ್ತ.

ನಮ್ಮ ಖೋಲಿಯಲ್ಲಿದ್ದ ನಾಲ್ಕನೆಯವಳು ಅತ್ತೆ. ಅಪ್ಪನ ಅಕ್ಕ. ಗಂಡ ಸತ್ತ ವರ್ಷವೇ ತಮ್ಮನ ಮನೆಗೆ ಬಂದವಳು, ಒಂದು ಗಂಟು, ಒಂದು ಹಿತ್ತಾಳೆ ತಂಬಿಗೆಯೊಂದಿಗೆ. ಪೇಟೆಯಲ್ಲಿ ಒಂದು ಕೊಂಕಣಿ ಮನೆಯ ಭಾಂಡಿ ತಿಕ್ಕಿ, ನೆಲ ಒರೆಸಿ ಬರುತ್ತಿದ್ದಳು. ಅವಳಿಗೂ ಅವ್ವನಿಗೂ ಒಂದು ಹೊತ್ತು ಸರಿಯಿರಲಿಲ್ಲ. ಅತ್ತೆ ಆ ಮನೆಯಿಂದ ಮೀನಿನ ಸಾರು ತಂದರೆ ಅವ್ವ ಆ ಪಾತ್ರೆಯನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಅತ್ತೆ ಹಿಂಬಾಗಿಲಲ್ಲಿ ಕುಳಿತು, ಡಂಪಿಗೆ ಮುಖ ಮಾಡಿ, ಮುಳ್ಳು ಚೀಪಿ ಚೀಪಿ ಸದ್ದು ಮಾಡಿ ಉಣ್ಣುತ್ತಿದ್ದಳು. ಬೇಕೆಂದೇ ಆ ಸದ್ದು. ಅವ್ವ ಒಲೆಯ ಮುಂದೆ ಪಾತ್ರೆ ಕುಕ್ಕುತ್ತಿದ್ದಳು, ಅದೂ ಬೇಕೆಂದೇ. ನನಗೆ ಇಬ್ಬರ ಮೇಲೂ ಸಿಟ್ಟು. ಆದರೆ ಅತ್ತೆಯ ಮೇಲೆ ಹೆಚ್ಚು, ಯಾಕೆಂದರೆ ಅವಳ ಬಾಯಿ ಸದಾ ನನ್ನ ಮೇಲೇ. ಏಳು ವರ್ಷ ಕೊಂಕಣಿ ಮನೆಯಲ್ಲಿ ದುಡಿದರೂ ಅವಳಿಗೆ ಆ ಭಾಷೆ ಬರುವುದಿಲ್ಲ ಎಂದು ನಾನು ಅವಳನ್ನು ಆಡಿಕೊಳ್ಳುತ್ತಿದ್ದೆ. ಅವಳು ಅದಕ್ಕೆ ಒಮ್ಮೆಯೂ ಸಿಟ್ಟಾಗಲಿಲ್ಲ.

"ಭಾಂಡಿ ತಿಕ್ಕಾಕ ಭಾಷಿ ಯಾಕ ಬೇಕ? ಹೂಂ ಅಂದ್ರ ಆತು, ಊಂಹೂಂ ಅಂದ್ರ ಆತು."

ಇನ್ನೊಂದು ವಿಷಯಕ್ಕೆ ಅವಳು ಅಪ್ಪನ ಜೀವ ತಿನ್ನುತ್ತಿದ್ದಳು. ಅದು ಡಂಪು. ಎರಡು ಮಳೆಗಾಲದಿಂದ ಒಂದೇ ವರಾತ: ಇಲ್ಲಿಂದ ಎದ್ದುಬಿಡೋಣ, ಪೇಟೆಯ ಕಡೆ ಒಂದು ಗೂಡಾದರೂ ಸಿಕ್ಕೀತು, ಈ ಗುಡ್ಡ ಒಂದಿನ ನಮ್ಮ ಮೇಲೆ ಬರುತ್ತದೆ. ಅಪ್ಪ ಕೇಳಿಸದವನ ಹಾಗೆ ಬೀಡಿ ಸೇದುತ್ತಿದ್ದ. ಜಾಸ್ತಿಯಾದರೆ ಒಂದೇ ಮಾತು.

"ಹೆಂಗಸರ ಮಾತ ಕಟಗೊಂಡು ಮನಿ ಬಿಡ್ಲೇನು? ಬಾಯಿ ಮುಚಗೊಂಡು ಇರಾಕ ಆದ್ರ ಇರು, ಇಲ್ಲಂದ್ರ ಊರಿನ ಬಸ್ಸು ಹತ್ತು."

ಊರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು.

ನಾನು ಹೇಳಬೇಕಾದದ್ದು ಒಂದು ಭಾನುವಾರದ ಕಥೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಶುಕ್ರವಾರ ಗಂಡಸರು ಮೇಲೆ ಹೋದಾಗ ಡಂಪಿನ ನೆತ್ತಿಯಲ್ಲಿ ಆಳುದ್ದದ ಬಿರುಕು ಕಂಡು ಬಂದಿದ್ದರು. ಗುತ್ತಿಗೆದಾರನ ಮನುಷ್ಯ ಬಂದು ಅದಕ್ಕೆ ನಾಲ್ಕು ಬುಟ್ಟಿ ಮಣ್ಣು ಸುರಿಸಿ, ಮೇಲೆ ತಾಡಪತ್ರಿ ಹೊದಿಸಿ ಹೋದ. ಆಮೇಲೆ ಚಾಳದಲ್ಲಿ ಅದರ ಸುದ್ದಿ ಯಾರೂ ಎತ್ತಲಿಲ್ಲ. ಎತ್ತಿದರೆ ಏಳಬೇಕಾಗುತ್ತದೆ, ಎದ್ದರೆ ಹೋಗುವುದೆಲ್ಲಿಗೆ? ಎಲ್ಲರೂ ಹಿಂಬಾಗಿಲು ಹಾಕಿಕೊಂಡು ಕುಳಿತರು. ಮನುಷ್ಯರು ಎಂಥ ಪುಕ್ಕಲರೆಂದು ನಾನು ಕಲಿತದ್ದು ಆ ಮೂರು ದಿನಗಳಲ್ಲೇ.

ಆ ಭಾನುವಾರ ಬೆಳಿಗ್ಗೆ ಪಕ್ಕದ ಖೋಲಿಯ ಗಂಗವ್ವನೂ ಇನ್ನಿಬ್ಬರು ಹೆಂಗಸರೂ ನಮ್ಮಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಅವರೆಲ್ಲರ ಎದುರಿಗೇ ಅತ್ತೆ ಅಪ್ಪನಿಗೆ ಹೇಳಿದಳು.

"ರೇಣೀನ ಸಾಲಿ ಬಿಡಸು. ನನ್ನ ಸಂಗಾಟ ಬರ್ಲಿ. ಆ ಮನ್ಯಾಗ ಇನ್ನೊಂದು ಕೈ ಬೇಕಾಗೇತಿ."

"ನಾ ಸಾಲಿ ಬಿಡಂಗಿಲ್ಲ," ಎಂದೆ ನಾನು.

"ನಾಕು ಅಕ್ಷರ ಕಲತು ಏನ್ ಕಡದು ಕಟ್ಟೆ ಹಾಕ್ತೀಯವಾ ನೀನು?"

ಗಂಗವ್ವ ಕಿಸಕ್ಕನೆ ನಕ್ಕಳು. ಉಳಿದವರೂ ನಕ್ಕರು. ಅವ್ವ ನನ್ನ ಪರ ಒಂದು ಮಾತಾಡುತ್ತಾಳೆಂದು ನೋಡಿದೆ. ಅವಳು ಅಕ್ಕಿಯಲ್ಲಿ ಹುಳ ಹುಡುಕುತ್ತಿದ್ದಳು. ಅಪ್ಪ ಹೂಂ ಎನ್ನಲಿಲ್ಲ, ಊಂಹೂಂ ಎನ್ನಲಿಲ್ಲ. "ಈ ಪರೀಕ್ಷಿ ಮುಗೀಲಿ, ನೋಡೂಣು" ಎಂದ. ಅಯ್ಯೋ, ಆ 'ನೋಡೂಣು' ಇಡೀ ದಿನ ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಘಟ್ಟದ ಮೇಲಿನವಳೆಂದು ಘಾಟಿ ಘಾಟಿ ಅಂತ ರೇಗಿಸುತ್ತಿದ್ದ ಹುಡುಗಿಯರೇ ಲೆಕ್ಕ ತೋರಿಸೆಂದು ನನ್ನ ಹಿಂದೆ ಬರುತ್ತಿದ್ದರು. ನಮ್ಮ ಟೀಚರ್ ತನ್ನ ಮನೆಯ ಪುಸ್ತಕಗಳನ್ನು ನನಗೆ ಓದಲು ಕೊಡುತ್ತಿದ್ದಳು. ಆ ಜಾಗ ಬಿಟ್ಟು ಇನ್ನೊಬ್ಬರ ಎಂಜಲು ತಿಕ್ಕಬೇಕೇ? ನಾನಿಲ್ಲದಿದ್ದರೆ ಇವರೆಲ್ಲ ಕಿವುಡರು, ಅದನ್ನು ಇವರಿಗೆ ತೋರಿಸಿಯೇ ತೀರಬೇಕು ಎಂದುಕೊಂಡೆ.

ಮಳೆಯ ಸುದ್ದಿ ತಪ್ಪಬಾರದೆಂದು ಅಪ್ಪ ಆ ಸಂಜೆ ರೇಡಿಯೋವನ್ನು ಎಂದಿಗಿಂತ ಮೊದಲೇ ಹಚ್ಚಿದ. ಮಂದಿ ಒಳಗೂ ಹೊರಗೂ ತುಂಬಿದ್ದರು. ಅತ್ತೆ ಎಂದಿನ ಹಾಗೆ ಗೂಡಿನ ಕೆಳಗೇ ಗೋಡೆಗೆ ಒರಗಿ, ಮೊರ ಹಿಡಿದು ಕುಳಿತಿದ್ದಳು. ನಾನು ಟ್ರಂಕು ಹತ್ತಿ ಕಿವಿ ಹಚ್ಚಿದೆ. ಒಂದು ಹೆಣ್ಣು ದನಿ ಹೇಳಿತು: ಈಗ ಒಂದು ನಾಟಕ. ಬರೆದವರ ಹೆಸರು, ಆಡುವವರ ಹೆಸರು. ಇದರಲ್ಲಿನ ಊರು, ಜನ, ಘಟನೆ ಎಲ್ಲ ಕಲ್ಪಿತ ಎಂದೂ ಹೇಳಿತು. ಸ್ಪಷ್ಟವಾಗಿ ಕೇಳಿದೆ. ಆಮೇಲೆ ಟೊಂಯ್ ಎಂದು ಸದ್ದಾಗಿ, ಸುದ್ದಿ ಓದುವವನಂಥ ಒಂದು ಗಂಡು ದನಿ ಗಂಭೀರವಾಗಿ ಶುರು ಮಾಡಿತು. ಸತತ ಮಳೆಯಿಂದ ಗಣಿಯ ಗುಡ್ಡವೊಂದು ಬಿರುಕು ಬಿಟ್ಟಿದೆ, ಕೆಳಗಿನ ವಸ್ತಿಯವರು ಕೂಡಲೇ ಮನೆ ಬಿಡಬೇಕು.

"ಏನಂತ ಲೇ?" ಎಂದ ಅಪ್ಪ.

ಗಂಗವ್ವನ ಬೆಳಗಿನ ನಗು ನೆನಪಾಯಿತು. ಹೇಳಿಬಿಟ್ಟೆ. ದನಿ ಏರಿಸಿ, ಆ ಗಂಡಸು ಓದಿದ ಗತ್ತಿನಲ್ಲೇ ಹೇಳಿದೆ. ಅಷ್ಟು ಜನ ಬಾಯಿ ತೆರೆದು ನನ್ನನ್ನೇ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು, ಅದೇ ಕೊನೆ. ಖರೇ ಹೇಳುತ್ತೇನೆ, ನನಗೆ ಖುಷಿಯಾಯಿತು. ರೇಡಿಯೋದಲ್ಲಿ ಒಬ್ಬ ಹೆಂಗಸು ಕಿರುಚಿದಳು, ಅದನ್ನೂ ಹೇಳಿದೆ. ಮಣ್ಣು ಇಳಿಯುತ್ತಿದೆ ಎಂದರು, ಹೇಳಿದೆ. ಊರಿನ ಹೆಸರನ್ನೂ ಹೇಳಿದರು, ನಾನು ಎಂದೂ ಕೇಳದ ಹೆಸರು. ಅದನ್ನು ಮಾತ್ರ ಹೇಳಲಿಲ್ಲ. ಆಗ ಕೆಳಗಿನಿಂದ ಅತ್ತೆ ತಲೆ ಎತ್ತಿದಳು.

"ನಮ್ಮ ಡಂಪ್ ಏನ ರೇಣಿ? ನಮ್ದನ ಅಂದ್ರೇನ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅತ್ತೆಯ ಮುಖದಲ್ಲಿ ಅಂಥ ಆತುರವನ್ನು ನಾನು ಕಂಡದ್ದೇ ಇಲ್ಲ. ಹೆದರಿದಳು, ಗೆದ್ದೆ ಎಂದುಕೊಂಡೆ.

"ಹೂಂ," ಎಂದೆ.

ಮೊರ ಅಲ್ಲೇ ಬಿಸಾಕಿ ಮೊದಲು ಎದ್ದವಳು ಅವಳೇ. "ನಾ ಹೇಳಿದ್ನಿಲ್ಲೋ ತಮ್ಮಾ! ಏಳ್ರಿ ಎಲ್ಲಾರೂ!" ಎಂದು ಗಂಟು ಬಗಲಿಗೆ ಹಾಕಿಕೊಂಡಳು. ಶುಕ್ರವಾರದಿಂದ ಎದೆಯಲ್ಲಿ ಅದುಮಿಟ್ಟ ಹೆದರಿಕೆ ಒಮ್ಮೆಲೇ ಒಂಬತ್ತು ಖೋಲಿಗಳಿಂದ ಹೊರಬಿತ್ತು. ಬಿರುಕನ್ನು ಕಣ್ಣಾರೆ ಕಂಡ ಗಂಡಸರೇ ಎಲ್ಲರಿಗಿಂತ ಮುಂದೆ ಓಡಿದರು. ಅವ್ವ ನಾದಿದ ಹಿಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಒಬ್ಬಳು ಬರೀ ಕಸಬರಿಗೆ ಹಿಡಿದುಕೊಂಡು ಓಡಿದಳು. ಅಪ್ಪ? ಅಪ್ಪ ಮೊದಲು ಎತ್ತಿಕೊಂಡದ್ದು ರೇಡಿಯೋವನ್ನು. ಅಂಗಿ ಕಳಚಿ ಅದಕ್ಕೆ ಸುತ್ತಿ, ಎದೆಗೆ ಅವುಚಿಕೊಂಡ. ಹೊಸ್ತಿಲು ದಾಟುವ ಮೊದಲು, ಆ ಗದ್ದಲದಲ್ಲೂ, ಸೆಲ್ಲು ಹಾಳಾಗುತ್ತದೆಂದು ಅದರ ಕಿವಿ ಹಿಂಡಿ ಬಂದ್ ಮಾಡಿದ. ಹಾಗಾಗಿ ನಾಟಕದ ಕೊನೆ ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. ನನ್ನನ್ನು ಯಾರೂ ಎತ್ತಿಕೊಳ್ಳಲಿಲ್ಲ. ಟ್ರಂಕಿನಿಂದ ಹಾರಿ ನಾನೇ ಹಿಂದೆ ಓಡಿದೆ. "ನಾಟಕ ಅದು" ಎಂದು ಕೂಗಲು ಎರಡು ಸಲ ಬಾಯಿ ತೆರೆದೆ. ಮಳೆ, ಕೂಗಾಟ. ನನ್ನ ದನಿ ನನಗೇ ಕೇಳಿಸಲಿಲ್ಲ. ಮೂರನೆಯ ಸಲ ಬಾಯಿ ತೆರೆಯಲಿಲ್ಲ, ಅಪ್ಪನ ಕೈ ನೆನಪಾಗಿ.

ರಸ್ತೆಯ ಮೋರಿ ದಾಟುವಾಗ ಗಂಗವ್ವನ ಗಂಡ ಬಸಪ್ಪ ಕೆಸರಿನಲ್ಲಿ ಜಾರಿ ಬಿದ್ದ. ಬಲಗಾಲು ಮೊಳಕಾಲ ಕೆಳಗೆ ಮುರಿಯಿತು. ಅವನನ್ನು ಕೌದಿಯಲ್ಲಿ ಹೊತ್ತುಕೊಂಡು ಗುಡಿಯ ಮಂಟಪ ಸೇರಿದೆವು. ಮಂಟಪದ ಎದುರು ಒಂದು ಚಹಾದಂಗಡಿ. ಅಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಅಂಗಡಿಯವನು ನಮ್ಮ ಅವಸ್ಥೆ ನೋಡಿ ಓಡಿ ಬಂದು ಕೇಳಿದ. ಅಪ್ಪ ತನ್ನ ಮುರುಕು ಕೊಂಕಣಿಯಲ್ಲಿ, ರೇಡಿಯೋ ಹೇಳಿತು, ಡಂಪು ಬಂತು ಎಂದ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅರೆ, ನಾಟಕ್ ತೆಂ! ನಾಟಕ್!"

ಆ ಶಬ್ದಕ್ಕೆ ನನ್ನ ಅನುವಾದ ಬೇಕಿರಲಿಲ್ಲ. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಅಪ್ಪ ರೇಡಿಯೋವನ್ನು ಮೆಲ್ಲಗೆ ಅವ್ವನ ಕೈಗೆ ಕೊಟ್ಟ.

"ನಾಟಕ ಅಂತ ಮೊದ್ಲ ಅಂದಿದ್ರೇನ?"

"ಅಂದಿದ್ರು."

"ನೀ ಕೇಳಿದ್ದೇನ?"

"ಕೇಳಿದ್ದೆ."

ಒದ್ದೆ ಚಪ್ಪಲಿಯಿಂದ ಹೊಡೆದ. ಎಷ್ಟು ಹೊಡೆದನೋ. ಬಸಪ್ಪ ನರಳುತ್ತಿದ್ದ, ಗಂಗವ್ವ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಳು: "ಇನ್ನೂ ಹೊಡಿಯೋ ಅಣ್ಣಾ, ನನ್ನ ಮನಿ ಮುರದ್ಲು ನಿನ್ನ ಮಗಳು, ಕೊಂದ ಹಾಕು." ಬಸಪ್ಪನ ಕಾಲಿನ ಪಾಪ ನನ್ನದೇ. ಅದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ಅವನು ಮತ್ತೆ ಗಣಿಯ ಕೆಲಸಕ್ಕೆ ಹೋಗಲಿಲ್ಲ. ಆದರೆ ಬಿರುಕಿಗೆ ತಾಡಪತ್ರಿ ಹೊದಿಸಿದವನಿಗೆ ಆ ಮಂಟಪದಲ್ಲಿ ಒಬ್ಬನೂ ಒಂದು ಬೈಗುಳ ಬೈಯಲಿಲ್ಲ. ಅದನ್ನೂ ನಾನು ಮರೆತಿಲ್ಲ. ಏಟು ಬೀಳುವಾಗ ಅತ್ತೆ ಕಂಬಕ್ಕೆ ಒರಗಿ ಗಂಟು ಅವುಚಿಕೊಂಡು ಕುಳಿತಿದ್ದಳು. ನನ್ನನ್ನು ನೋಡಲಿಲ್ಲ. ಕತ್ತಲಾಗುವಷ್ಟರಲ್ಲಿ ಎಲ್ಲರೂ ಮತ್ತೆ ಅದೇ ಡಂಪಿನ ಬುಡಕ್ಕೆ ಮರಳಿದರು, ಅವಳೂ ಮರಳಿದಳು.

ಪರೀಕ್ಷೆ ಮುಗಿಯುವವರೆಗೂ ಅಪ್ಪ ಕಾಯಲಿಲ್ಲ. ಮರುದಿನವೇ ನನ್ನ ಪಾಟೀಚೀಲ ಗೂಟಕ್ಕೆ ಹೋಯಿತು, ನಾನು ಅತ್ತೆಯ ಹಿಂದೆ ಪೇಟೆಯ ಮನೆಗೆ ಹೋದೆ. ಚಾಳದಲ್ಲಿ ಯಾರೂ ನಮ್ಮೊಂದಿಗೆ ಮಾತಾಡುತ್ತಿರಲಿಲ್ಲ. ಸಂಜೆ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಎಂಟನೆಯ ದಿನವೋ ಏನೋ, ಟೀಚರ್ ಬಂದಳು. ಕೊಡೆ ಮಡಚಿ, ಕೆಂಪು ಕೆಸರಾದ ಸೀರೆಯ ಅಂಚು ಹಿಡಿದು ಹೊಸ್ತಿಲಲ್ಲಿ ನಿಂತಳು. ಅಪ್ಪ ಚಾಪೆಯ ಮೇಲೆ, ಅವ್ವ ಪರದೆಯ ಹಿಂದೆ, ಅತ್ತೆ ಗೂಡಿನ ಕೆಳಗೆ ಮೊರ ಹಿಡಿದು. ಟೀಚರ್ ಕೊಂಕಣಿಯಲ್ಲಿ ಮಾತಾಡಿದಳು. ಅಪ್ಪನಿಗೆ ಅರ್ಧವೂ ತಿಳಿಯಲಿಲ್ಲ. ಅದನ್ನು ಅವನಿಗೆ ಹೇಳಬೇಕಾದವಳು ನಾನೇ.

ಆ ದಿನ ನಾನು ಒಂದು ಮಾತನ್ನೂ ಬಿಡಲಿಲ್ಲ. ಅವಳು ಮಾಡಿದ ನಮಸ್ಕಾರದಿಂದ ಹಿಡಿದು ಹೇಳಿದೆ. ಈ ಹುಡುಗಿ ವರ್ಗಕ್ಕೆ ಮೊದಲನೆಯವಳು. ತಪ್ಪು ಮಾಡಿದ್ದಾಳೆ, ಮಕ್ಕಳು ಮಾಡುತ್ತಾರೆ. ಫೀಸು ಪುಸ್ತಕ ನನಗಿರಲಿ. ಬೇಕಾದರೆ ನನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೇನೆ, ರಜೆಗೆ ನಿಮ್ಮಲ್ಲಿಗೆ ಕಳಿಸುತ್ತೇನೆ. ನನ್ನನ್ನು ಉಳಿಸಿ ಎಂದು ನಾನೇ ನನ್ನ ಬಾಯಿಂದ ಹೇಳುತ್ತಿದ್ದ ಹಾಗಿತ್ತು. ಅಪ್ಪ ಪೂರ್ತಿ ಕೇಳಿದ. ಆಮೇಲೆ ಅವ್ವ ಇದ್ದ ಪರದೆಯ ಕಡೆ ಮುಖ ಮಾಡಿ ನಕ್ಕ.

"ಕೇಳಿದೇನ? ಏನೇನ ಹುಟ್ಟಿಸಿ ಹೇಳಾಕತ್ತಾಳ ನೋಡು. ಇಟಗೊಂಡು ಓದಸ್ತಾರಂತ! ಪರರ ಮಗಳ್ನ! ಇನ್ನೂ ನಾಟಕ ಬಿಟ್ಟಿಲ್ಲ ಇಕಿ."

"ಅಪ್ಪಾ, ಖರೇನ ಅಂದ್ರು. ಯಲ್ಲವ್ವನ ಆಣಿ."

"ನಿನ್ನ ಬಾಯಿಂದ ಬಂದದ್ದು ಇನ್ನ ನಂಬಾಂಗಿಲ್ಲ. ಹೇಳು ಆ ಟೀಚರಗ, ಹುಡುಗಿ ಬರಂಗಿಲ್ಲ ಅಂತ."

ಅದನ್ನೂ ಹೇಳಿದೆ. ಟೀಚರ್ ನನ್ನ ತಲೆ ಸವರಿದಳು. ಹೊರಗೆ ಮಳೆ ಜೋರಾಗಿತ್ತು. ಮೋರಿಯವರೆಗೆ ಅವಳನ್ನು ದಾಟಿಸಿ ಬರಲು ಅಪ್ಪ ಅತ್ತೆಗೆ ಹೇಳಿದ. ಅತ್ತೆ ಹೋಗಿ ಬಂದಳು. ಮತ್ತೆ ಮೊರ ಹಿಡಿದು ಕುಳಿತಳು.

ಆಮೇಲಿನದು ಹೇಳಲು ಬಹಳವಿಲ್ಲ. ಇಷ್ಟು ವರ್ಷ ಬೇರೆಯವರ ಮನೆಯ ಪಾತ್ರೆ ತಿಕ್ಕಿದೆ, ಅಡಿಗೆ ಮಾಡಿದೆ. ಮದುವೆಯಾದೆ, ಗಂಡ ಹೋದ. ಈಗ ಪರ್ವರಿಯಲ್ಲಿ ಒಂದೂವರೆ ಖೋಲಿಯ ಬಾಡಿಗೆ ಮನೆ. ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಓಣಿಯ ಸಂಜೆ ವರ್ಗದಲ್ಲಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ. ಅಪ್ಪ ಅವ್ವ ಇಲ್ಲ. ಅತ್ತೆ ಇದ್ದಾಳೆ, ನನ್ನ ಹತ್ತಿರವೇ. ಬೇರೆ ಯಾರೂ ಇಟ್ಟುಕೊಳ್ಳಲಿಲ್ಲ, ಅದಕ್ಕೆ. ಪ್ರೀತಿ ಗೀತಿ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಡಂಪು ಇವತ್ತಿನವರೆಗೂ ಬಿದ್ದಿಲ್ಲ. ಅದರ ಮೇಲೆ ಈಗ ಗಿಡ ಬೆಳೆದಿವೆಯಂತೆ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಓಣಿಯ ಫೋನುಗಳಿಗೆಲ್ಲ ಒಂದು ಕೊಂಕಣಿ ದನಿ ಬಂತು. ಅಣೆಕಟ್ಟೆಯ ಬಾಗಿಲು ತೆಗೆದಿದ್ದಾರೆ, ನೀರು ಬರುತ್ತಿದೆ, ಓಡಿ ಎಂದು. ಹೆಂಗಸರು ಗ್ಯಾಸ್ ಸಿಲಿಂಡರು ಹೊತ್ತುಕೊಂಡು ಮೆಟ್ಟಿಲು ಹತ್ತತೊಡಗಿದರು. ನಾನೂ ರೇಷನ್ ಕಾರ್ಡನ್ನು ಚೀಲಕ್ಕೆ ತುರುಕುತ್ತಿದ್ದೆ. ಹಾಸಿಗೆಯ ಮೇಲಿಂದ ಅತ್ತೆ ಹೇಳಿದಳು:

"ಯಾಕ ಒದ್ದಾಡ್ತಿ? ಸುಳ್ಳ ಅದು. ಇದು ಹ್ವಾದ ವರ್ಷದ ಮಾತು ಅಂತ ಸುರೂದಾಗ ಅಂದಾನಲ್ಲ."

ಫೋನನ್ನು ಮತ್ತೆ ಕೇಳಿದೆ. ಖರೇ, ಅಂದಿದ್ದ. ಗಡಿಬಿಡಿಯ ಕೊಂಕಣಿ, ನನಗೇ ತಪ್ಪಿಹೋಗಿತ್ತು. ಚೀಲ ಕೆಳಗಿಟ್ಟೆ.

"ಅತ್ತಿ, ನಿನಗ ಕೊಂಕಣಿ ತಿಳೀತದ?"

ಅವಳು ಗೋಡೆಯ ಕಡೆ ನೋಡಿದಳು.

"ಅವತ್ತೂ ತಿಳದಿತ್ತೇನ? ನಾಟಕ ಅಂತ?"

"ತಿಳದಿತ್ತು. ಗೂಡಿನ ಬುಡಕ ಕುಂತಿದ್ನಲ್ಲ."

"ಮತ್ತ ನಮ್ಮ ಡಂಪ್ ಏನ ಅಂತ ಯಾಕ ಕೇಳಿದಿ?"

"ಎರಡ ವರ್ಷ ಬಡಕೊಂಡೆ, ನಿಮ್ಮಪ್ಪ ನನ್ನ ಮಾತ ಕೇಳಿದ್ನೇನ? ರೇಡಿಯೋದ ಮಾತ ಕೇಳ್ತಿದ್ದ. ಒಮ್ಮೆ ಎದ್ರ ಮತ್ತ ಆ ಮನಿಗೆ ಬರಂಗಿಲ್ಲ ಅಂತ ತಿಳದಿದ್ನಿ."

ಇವಳಿಗೆ ಉಣಿಸಿದ, ಇವಳ ಮೈ ತೊಳೆದ ಕೈ ನನ್ನದು. ಟೀಚರ್ ಬಂದ ದಿನ ಯಾಕೆ ಸುಮ್ಮನಿದ್ದೆ ಎಂದು ಕಿರುಚಿದೆ. ಹುಡುಗಿ ಖರೇ ಹೇಳಾಕತ್ತಾಳ ಎಂದು ಒಂದು ಮಾತು, ಒಂದೇ ಒಂದು ಮಾತು, ಯಾಕೆ ಹೇಳಲಿಲ್ಲ?

"ಹೇಳಿದ್ರ ನಾಟಕದ ದಿನ ಯಾಕ ಸುಮ್ಮಿದ್ದಿ ಅಂತಿದ್ದ ನಿಮ್ಮಪ್ಪ, ನನ್ನ ಹೊರಗ ಹಾಕ್ತಿದ್ದ. ನೀ ಮಗಳು. ನಿನ್ನ ಹೊಡೀತಾನ, ಹೊರಗ ಹಾಕಂಗಿಲ್ಲ. ನಾ ಎಲ್ಲಿಗೆ ಹೋಗ್ಬೇಕಿತ್ತು, ಹೇಳು?"

ಅವಳನ್ನು ಕ್ಷಮಿಸಿಲ್ಲ, ಅದನ್ನೂ ಬರೆದಿಡುತ್ತೇನೆ. ಎದ್ದು ಒಲೆಯ ಕಡೆ ಹೊರಟೆ. ಬೆನ್ನ ಹಿಂದಿನಿಂದ ಅವಳು ಕರೆದಳು.

"ರೇಣಿ. ಮೋರಿ ಹತ್ರ ಆ ಟೀಚರ್ ನನಗೊಂದು ಮಾತ ಹೇಳಿ ಹ್ವಾದ್ಲು. ನಿನಗ ಹೇಳು ಅಂದಿದ್ಲು."

ಅದನ್ನು ಅವಳು ಕೊಂಕಣಿಯಲ್ಲೇ ಹೇಳಿದಳು, ಟೀಚರ್ ಆಡಿದ ಹಾಗೆಯೇ, ನಿಧಾನಕ್ಕೆ. ನಮ್ಮ ಮಾತಿನಲ್ಲಿ ಅದು ಇಷ್ಟು: "ಅವರಪ್ಪ ಒಪ್ಪದಿದ್ದರೆ ಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ಅವಳನ್ನು ಸುಮ್ಮನೆ ಕಳಿಸಿಬಿಡು. ಶಾಲೆಯ ಹಿಂದಿನ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಗಂಟೆ ಬಾರಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತೇನೆ." ಅತ್ತೆ ಒಂದು ಶಬ್ದವನ್ನೂ ಬಿಡಲಿಲ್ಲ.